ಮಗುವಿನ ಜೊತೆ ಲಾಲ್‌ಬಾಗಿನಲ್ಲಿ ಒಂದು ಮಧ್ಯಾಹ್ನ: ಪದೇ ಪದೇ ಕೇಳುವ ಪ್ರಶ್ನೆಗಳು

ಎರಡರಿಂದ ಎಂಟು ವರ್ಷದೊಳಗಿನ ಮಕ್ಕಳನ್ನು ಕರೆದುಕೊಂಡು ಊಟವಾದ ಮೇಲೆ ಲಾಲ್‌ಬಾಗಿಗೆ ಹೊರಡುವವರಿಗೆ ಈ ಪುಟ. ಇತಿಹಾಸ ಪೂರ್ತಿ ಇಲ್ಲಿಲ್ಲ. ಮಗು ಅಳದೆ, ದೊಡ್ಡವರು ಸಿಡುಕದೆ ಮೂರು ಗಂಟೆ ಕಳೆಯುವುದು ಹೇಗೆ ಎನ್ನುವಷ್ಟು ಇದೆ.

ಎಷ್ಟು ಹೊತ್ತಿಗೆ ಹೋದರೆ ಒಳ್ಳೆಯದು?

ಮೂರೂವರೆಗೆ ಗೇಟಿನ ಒಳಗೆ ಕಾಲಿಡುವ ಹಾಗೆ ಹೊರಡಿ. ಅದಕ್ಕಿಂತ ಮೊದಲು ಬಂದರೆ ಮಗುವಿನ ಮಧ್ಯಾಹ್ನದ ನಿದ್ದೆ ಕೆಡುತ್ತದೆ, ಬಿಸಿಲೂ ಇಳಿದಿರುವುದಿಲ್ಲ. ಐದರ ಮೇಲೆ ಬಂದರೆ ಕಾರು ನಿಲ್ಲಿಸಿ ಟಿಕೆಟ್ ತೆಗೆಯುವಷ್ಟರಲ್ಲಿ ಬೆಳಕು ಸೋರಿಹೋಗಿರುತ್ತದೆ. ಗಾರ್ಡನ್ ಬೆಳಿಗ್ಗೆ 6ರಿಂದ ಸಂಜೆ 7ರ ತನಕ ತೆರೆದಿರುತ್ತದೆ. ಆದರೆ ಮಕ್ಕಳ ಮಟ್ಟಿಗೆ ಸೂರ್ಯಾಸ್ತವೇ ಮುಚ್ಚುವ ಹೊತ್ತು. ಬೆಂಗಳೂರಿನಲ್ಲಿ ನವೆಂಬರ್ ಕೊನೆಗೆ 5:50ಕ್ಕೇ ಸೂರ್ಯ ಮುಳುಗುತ್ತಾನೆ, ಜೂನ್ ಕೊನೆಗೆ 6:45 ದಾಟುತ್ತದೆ. ಸುಮಾರು ಒಂದು ಗಂಟೆಯ ವ್ಯತ್ಯಾಸ ಇದು. ದೀಪಾವಳಿ ರಜೆಯಲ್ಲಿ ಬರುವವರು ಅರ್ಧ ಗಂಟೆ ಮುಂಚೆ ಹೊರಡಬೇಕು.

ಮಗು ಮಧ್ಯಾಹ್ನ ಮಲಗುವ ವಯಸ್ಸಿನದಾದರೆ ನಿದ್ದೆ ಮುಗಿಸಿಯೇ ಕರೆತನ್ನಿ. ನಿದ್ದೆಗೆಟ್ಟ ಮೂರು ವರ್ಷದ ಮಗುವಿಗೆ ಯಾವ ಗಾಜಿನ ಮನೆಯೂ ರುಚಿಸುವುದಿಲ್ಲ.

ಯಾವ ಗೇಟಿನಿಂದ ಒಳಗೆ ಹೋಗಬೇಕು?

ದಿನ ಚೆನ್ನಾಗಿ ಕಳೆಯುವುದೋ ಇಲ್ಲವೋ ಎನ್ನುವುದು ಬಹುಮಟ್ಟಿಗೆ ಗೇಟಿನ ಆಯ್ಕೆಯಲ್ಲೇ ತೀರ್ಮಾನವಾಗುತ್ತದೆ. ಲಾಲ್‌ಬಾಗ್ 240 ಎಕರೆ. ತಪ್ಪು ಗೇಟಿನಿಂದ ಬಂದರೆ ಮಗು ನೋಡಬೇಕಾದ ಜಾಗ ತಲುಪುವಷ್ಟರಲ್ಲೇ ‘ಎತ್ಕೋ’ ಎನ್ನುತ್ತದೆ.

ಮೆಟ್ರೋದಲ್ಲಿ ಬರುವವರಿಗೆ ಪಶ್ಚಿಮ ಗೇಟು. ಹಸಿರು ಮಾರ್ಗದ ಲಾಲ್‌ಬಾಗ್ ನಿಲ್ದಾಣ ಅದಕ್ಕೆ ಹತ್ತಿರ. ಬಸವನಗುಡಿ, ಜಯನಗರ ಕಡೆಯಿಂದ ಆಟೋದಲ್ಲಿ ಬರುವವರಿಗೂ ಇದೇ ಸರಿ. ಗಾಜಿನ ಮನೆಯ ಕಡೆ ಹೋಗಲು ಅನುಕೂಲ, ದಾರಿಯುದ್ದಕ್ಕೂ ನೆರಳು.

ಕಾರಿನಲ್ಲಿ ಬರುವವರು ಡಬಲ್ ರೋಡ್ ಕಡೆಯ ಗೇಟು ಹಿಡಿಯುವುದು ವಾಸಿ, ವಾಹನ ನಿಲ್ಲಿಸುವ ಜಾಗ ಅಲ್ಲಿದೆ. ಒಳಗೆ ಬಂದರೆ ಕೆಂಪೇಗೌಡ ಗೋಪುರವಿರುವ ಬಂಡೆ ಹತ್ತಿರ. ಅನುಕೂಲವೂ ಅದೇ, ತೊಂದರೆಯೂ ಅದೇ: ಬಂಡೆ ಕಂಡ ಮಗು ಓಡಿ ಹತ್ತುತ್ತದೆ, ಮೂರೂವರೆಯ ಬಿಸಿಲಿಗೆ ಅದು ಕಾದಿರುತ್ತದೆ. ಬಂಡೆಯನ್ನು ಕೊನೆಗೆ ಇಟ್ಟುಕೊಳ್ಳಿ.

ಮಾವಳ್ಳಿ ಕಡೆಯ ಮುಖ್ಯ ಗೇಟಿನ ಬಳಿ ಹೂಗಡಿಯಾರವಿದೆ. ಭಾನುವಾರ ಸಂಜೆ ಅಲ್ಲಿ ರಸ್ತೆ ದಾಟುವುದೇ ಒಂದು ಸಾಹಸ. ಇನ್ನೊಂದು ಮಾತು: ಕಾರ್ತಿಕ ಮಾಸದ ಕೊನೆಯ ಸೋಮವಾರದ ಸುತ್ತಮುತ್ತ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಆ ದಿನಗಳಲ್ಲಿ ಪಶ್ಚಿಮ ಗೇಟಿಗೆ ಕಾರಿನಲ್ಲಿ ಬರುವ ಯೋಚನೆಯನ್ನೇ ಬಿಡಿ.

ಒಳಗೆ ಬಂದ ಗೇಟಿನಿಂದಲೇ ಹೊರಗೆ ಹೋಗುವ ಹಾಗೆ ಸುತ್ತು ಹಾಕಿಕೊಳ್ಳಿ. ‘ಆ ಕಡೆಯಿಂದ ಹೊರಟರಾಯಿತು’ ಎಂದು ನಡೆದವರು ಕಾರಿಗೆ ವಾಪಸಾಗಲು ಮಲಗಿದ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಗೋಡೆಯುದ್ದಕ್ಕೂ ನಡೆಯುತ್ತಾರೆ.

ಒಂದೇ ಮಧ್ಯಾಹ್ನದಲ್ಲಿ ಎಲ್ಲಾ ನೋಡಿ ಮುಗಿಸಬಹುದೇ?

ಆಗುವುದಿಲ್ಲ, ಪ್ರಯತ್ನವೂ ಬೇಡ. ನಾಲ್ಕು ವರ್ಷದ ಮಗು ನಿಂತು, ಕೂತು, ಕಲ್ಲು ಹೆಕ್ಕಿಕೊಂಡು ನಡೆದರೆ ಗಂಟೆಗೆ ಒಂದು ಕಿಲೋಮೀಟರ್ ಸಾಗುತ್ತದೆ. ಮೂರು ಗಂಟೆಯಲ್ಲಿ ತಿಂಡಿಗೆ, ಶೌಚಕ್ಕೆ, ಸುಮ್ಮನೆ ಕೂರಲಿಕ್ಕೆ ಹೋಗುವ ಹೊತ್ತು ಕಳೆದರೆ ಉಳಿಯುವುದು ಒಂದೂವರೆ ಗಂಟೆಯ ನಡಿಗೆ. ಎರಡು ಜಾಗ ನೋಡಲು ಅಷ್ಟು ಸಾಕು, ಐದಕ್ಕೆ ಸಾಲದು. ಲಾಲ್‌ಬಾಗಿನಲ್ಲಿ ಕೆಡುವ ಸಂಜೆಗಳಲ್ಲಿ ಮುಕ್ಕಾಲು ಪಾಲು ಕೆಡುವುದು ‘ಇಷ್ಟು ದೂರ ಬಂದಿದ್ದೀವಿ, ಕೆರೇನೂ ನೋಡ್ಕೊಂಡು ಹೋಗೋಣ’ ಎನ್ನುವ ಮಾತಿನಿಂದ. ಆ ಮಾತು ಹುಟ್ಟುವುದು ದೊಡ್ಡವರ ಬಾಯಲ್ಲಿ. ಮಗುವಿಗೆ ಅಷ್ಟರಲ್ಲಿ ಒಂದು ಇರುವೆ ಸಾಲು ಸಿಕ್ಕಿ ತೃಪ್ತಿಯಾಗಿರುತ್ತದೆ.

ಹಾಗಾದರೆ ಯಾವ ಎರಡು ಜಾಗ ಆರಿಸಿಕೊಳ್ಳಲಿ?

ಎರಡು–ಮೂರು ವರ್ಷದವರಿಗೆ ಗಾಜಿನ ಮನೆಯ ಸುತ್ತಲಿನ ನೆರಳು, ಒಂದು ದೊಡ್ಡ ಮರ. ಅಷ್ಟೇ.

ನಾಲ್ಕರಿಂದ ಆರರವರಿಗೆ ದೊಡ್ಡ ಬಿಳಿ ಬೂರುಗದ ಮರ ಮತ್ತು ಬಂಡೆ. ಬೂರುಗದ ಮರ ಎಲ್ಲಿ ಎಂದು ಕಾವಲುಗಾರರನ್ನು ಕೇಳಿದರೆ ದಾರಿ ತೋರಿಸುತ್ತಾರೆ. ಅದರ ಬುಡದಲ್ಲಿ ಬೇರುಗಳು ಗೋಡೆಯ ಹಾಗೆ ನೆಲದಿಂದ ಎದ್ದು ನಿಂತಿವೆ. ಎರಡು ಬೇರಿನ ನಡುವೆ ಮಗು ನಿಂತರೆ ತಲೆ ಕಾಣುವುದಿಲ್ಲ. ಬುಡಕ್ಕೆ ಬೇಲಿ ಇದ್ದರೆ ದಾಟಿಸಬೇಡಿ. ಮಣ್ಣು ತುಳಿದು ತುಳಿದು ಗಟ್ಟಿಯಾದರೆ ಬೇರಿಗೆ ನೀರು, ಗಾಳಿ ಇಳಿಯುವುದಿಲ್ಲ. ಬೇಲಿ ಹಾಕುವುದು ಅದಕ್ಕೇ.

ಆರು ದಾಟಿದವರಿಗೆ ಕೆರೆಯ ಹಕ್ಕಿಗಳು, ಇಲ್ಲವೇ ಶಿಲೆಯಾದ ಮರ. ತಮಿಳುನಾಡಿನ ತಿರುವಕ್ಕರೈಯಿಂದ ತಂದ ಈ ಮರದ ಪಳೆಯುಳಿಕೆಗೆ ಸುಮಾರು 2 ಕೋಟಿ ವರ್ಷ. ನೋಡಿದರೆ ಮರದ ದಿಮ್ಮಿ, ವಾಸ್ತವದಲ್ಲಿ ಕಲ್ಲು. ಈ ವಯಸ್ಸಿನ ಮಕ್ಕಳಿಗೆ ಇಂಥ ಮೋಸ ಬಹಳ ಇಷ್ಟ.

ಬೊನ್ಸಾಯ್, ಗುಲಾಬಿ ತೋಟ ದೊಡ್ಡವರ ಸಂತೋಷಕ್ಕೆ. ‘ಮುಟ್ಟಬೇಡ’ ಎಂದು ಹೇಳುತ್ತಲೇ ಇರಬೇಕಾದ ಜಾಗಕ್ಕೆ ಸಣ್ಣ ಮಗುವನ್ನು ಯಾಕೆ ಕರೆದೊಯ್ಯಬೇಕು?

ಬಂಡೆಯ ಬಗ್ಗೆ ಮಗು ಕೇಳಿದರೆ ಏನು ಹೇಳುವುದು?

ಈ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ ಎನ್ನಿ. ಅಂಕಿ ಮಗುವಿಗೆ ಅರ್ಥವಾಗದಿದ್ದರೆ, ಡೈನೋಸಾರ್‌ಗಳು ಹುಟ್ಟುವುದಕ್ಕೂ ಬಹಳ ಬಹಳ ಮುಂಚೆ ಇದು ಇಲ್ಲೇ ಇತ್ತು, ಹಿಮಾಲಯ ಆಗಿನ್ನೂ ಇರಲೇ ಇಲ್ಲ ಎನ್ನಿ. ಎರಡೂ ನಿಜ. ಇದು ಪೆನಿನ್ಸುಲರ್ ನೈಸ್ ಎಂಬ ಶಿಲೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ, ಫಲಕವೂ ಇದೆ.

ಕೂತು ಹತ್ತಿರದಿಂದ ನೋಡಿಸಿ. ತಿಳಿ ಬೂದು ಮತ್ತು ಕಪ್ಪು ಪಟ್ಟೆಗಳು ಅಕ್ಕಪಕ್ಕ ಹರಿದಿರುತ್ತವೆ, ಕೆಲವೆಡೆ ಬಳುಕಿ ಮಡಿಚಿಕೊಂಡಿರುತ್ತವೆ. ನೆಲದ ಆಳದಲ್ಲಿ ಶಾಖ, ಒತ್ತಡಕ್ಕೆ ಸಿಕ್ಕಿ ಕಲ್ಲು ಮೆದುವಾಗಿ ಬಾಗಿದ ಗುರುತು ಅವು. ಒಂದು ಪಟ್ಟೆಯ ಮೇಲೆ ಬೆರಳಿಟ್ಟು ಅದು ಎಲ್ಲಿಯವರೆಗೆ ಹೋಗುತ್ತದೆ ಎಂದು ಹುಡುಕಲು ಬಿಟ್ಟರೆ ಹತ್ತು ನಿಮಿಷ ಮಗು ನಿಮ್ಮನ್ನು ಕರೆಯುವುದಿಲ್ಲ.

ಮೇಲಿರುವ ಗೋಪುರ ಕೆಂಪೇಗೌಡರ ಹೆಸರಿನ ನಾಲ್ಕು ಗಡಿ ಗೋಪುರಗಳಲ್ಲಿ ಒಂದು. ಉಳಿದ ಮೂರು ಹಲಸೂರು ಕೆರೆ, ಕೆಂಪಾಂಬುಧಿ ಕೆರೆ, ಮೇಖ್ರಿ ವೃತ್ತದ ಬಳಿ ಇವೆ. ‘ಊರು ಇಲ್ಲಿಗೆ ಮುಗಿಯುತ್ತಿತ್ತು’ ಎಂದು ಹೇಳಿ ಸುತ್ತ ನೋಡಿಸಿದರೆ ಮಗುವಿಗಿಂತ ಅಜ್ಜ ಹೆಚ್ಚು ಹೊತ್ತು ನೋಡುತ್ತಾ ನಿಲ್ಲುತ್ತಾರೆ.

ಹತ್ತಲು ಒಳ್ಳೆಯ ಹೊತ್ತು ಐದೂಕಾಲರ ನಂತರ. ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಅಥವಾ ಶೂ ಇರಲಿ. ಹತ್ತುವಾಗ ಯಾರೂ ಬೀಳುವುದಿಲ್ಲ. ಬೀಳುವುದು ಇಳಿಯುವಾಗ, ಇಳಿಜಾರಿನಲ್ಲಿ ಕಾಲು ತಾನೇ ಓಟ ಹಿಡಿದು. ಇಳಿಯುವಾಗ ದೊಡ್ಡವರು ಮಗುವಿನ ಮುಂದೆ ಇರಬೇಕು, ಪಕ್ಕದಲ್ಲಲ್ಲ. ಮಳೆ ಬಂದು ನಿಂತಿದ್ದರೆ ಹಸಿರು ಪಾಚಿ ಕಂಡ ಕಡೆ ಹೆಜ್ಜೆ ಇಡಬೇಡಿ. ಸಿಡಿಲಿನ ಸದ್ದು ಕೇಳಿದ ಕೂಡಲೇ ಇಳಿದುಬಿಡಿ.

ಗಾಜಿನ ಮನೆಯ ಒಳಗೆ ಏನಿರುತ್ತದೆ?

ಫಲಪುಷ್ಪ ಪ್ರದರ್ಶನ ಇಲ್ಲದ ದಿನಗಳಲ್ಲಿ ಹೆಚ್ಚೇನೂ ಇರುವುದಿಲ್ಲ. ಇದನ್ನು ಮೊದಲೇ ಮಗುವಿಗೆ ಹೇಳಿ, ಇಲ್ಲದಿದ್ದರೆ ‘ಹೂವೆಲ್ಲಿ?’ ಎಂಬ ರಾಗ ಶುರುವಾಗುತ್ತದೆ. 1889ರ ನವೆಂಬರ್ 30ರಂದು ಬ್ರಿಟನ್ನಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಇದಕ್ಕೆ ಅಡಿಗಲ್ಲು ಹಾಕಿದ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಇದಕ್ಕೆ ಮಾದರಿ. ಆಗ ಗಾರ್ಡನ್ ನೋಡಿಕೊಳ್ಳುತ್ತಿದ್ದವನು ಜಾನ್ ಕ್ಯಾಮರಾನ್. ನಮ್ಮ ಸಾಂಬಾರಿಗೆ ಬೀಳುವ ಸೀಮೆಬದನೆಯನ್ನು ಈ ಕಡೆಗೆ ತಂದವನು ಎಂಬ ಹೆಸರೂ ಅವನಿಗಿದೆ.

ಮಕ್ಕಳ ಮಟ್ಟಿಗೆ ಅದರ ಉಪಯೋಗ ಬೇರೆ: ಕಬ್ಬಿಣದ ಕಮಾನುಗಳ ನೆರಳು ಸಂಜೆಗೆ ನೆಲದ ಮೇಲೆ ಉದ್ದವಾಗುತ್ತದೆ. ನೆರಳಿನ ಗೆರೆ ತುಳಿಯದೆ ದಾಟುವ ಆಟಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಊರಲ್ಲಿಲ್ಲ.

ಮಗು ಹೂವು ಕೀಳುತ್ತದೆ. ಹೇಗೆ ತಡೆಯುವುದು?

ಕೀಳುವುದು ನಿಷಿದ್ಧ, ಕಾವಲುಗಾರರು ಸೀಟಿ ಊದುತ್ತಾರೆ. ಬರೀ ಬೇಡ ಎಂದರೆ ಕೇಳುವುದಿಲ್ಲ, ಬದಲಿ ಕೊಡಬೇಕು. ನಿಯಮ ಒಂದೇ ಇರಲಿ: ಬಿದ್ದದ್ದು ನಿನ್ನದು, ಮರದಲ್ಲಿರುವುದು ಮರದ್ದು. ಒಂದು ಬಟ್ಟೆ ಚೀಲ ಮಗುವಿನ ಕೈಗೆ ಕೊಡಿ. ಏನು ಹೆಕ್ಕಬಹುದು ಎನ್ನುವುದು ತಿಂಗಳ ಮೇಲೆ ಹೋಗುತ್ತದೆ.

ನೀರುಕಾಯಿ ಮರ ಹೂ ಬಿಟ್ಟಿದ್ದರೆ ಅದೃಷ್ಟ. ಉದುರಿದ ಮೊಗ್ಗುಗಳಲ್ಲಿ ಒಣಗದೆ ಉಬ್ಬಿಕೊಂಡಿರುವುದನ್ನು ಆರಿಸಿ, ತುದಿ ಚಿವುಟಿ ಒತ್ತಿದರೆ ಪಿಚಕಾರಿಯಂತೆ ನೀರು ಚಿಮ್ಮುತ್ತದೆ. ಕಣ್ಣಿಗೆ ಹಾರಿಸಲು ಬಿಡಬೇಡಿ, ಬಿಳಿ ಬಟ್ಟೆಗೆ ಬಿದ್ದರೆ ಕಲೆ ಉಳಿಯುತ್ತದೆ. ಏಪ್ರಿಲ್–ಮೇನಲ್ಲಿ ಗುಲ್‌ಮೊಹರ್. ಅದರ ಕೇಸರಗಳ ತಲೆಗೆ ತಲೆ ಸಿಕ್ಕಿಸಿ ಎಳೆಯುವ ಕೋಳಿಜಗಳ ಅಜ್ಜಿಯರಿಗೆ ಚೆನ್ನಾಗಿ ಗೊತ್ತು. ಹೊರದಳವನ್ನು ಸೀಳಿ ಉಗುರಿಗೆ ಅಂಟಿಸಿದರೆ ರಾಕ್ಷಸನ ಉಗುರು. ಮಹಾಗನಿಯ ರೆಕ್ಕೆಬೀಜವನ್ನು ಎತ್ತರದಿಂದ ಬಿಟ್ಟರೆ ಗಿರಗಿರ ತಿರುಗುತ್ತಾ ಇಳಿಯುತ್ತದೆ.

ನಾಗಲಿಂಗದ ಮರದಲ್ಲಿ ಹೂವು ಕೊಂಬೆಯ ತುದಿಯಲ್ಲಲ್ಲ, ಕಾಂಡದ ಮೇಲೇ ಬಿಡುತ್ತದೆ. ಬಿದ್ದ ಹೂವಿನ ಹೆಡೆಯನ್ನು ಮೆಲ್ಲಗೆ ಎತ್ತಿದರೆ ಒಳಗೆ ಲಿಂಗದಂಥದ್ದು ಕಾಣುತ್ತದೆ. ಪರಿಮಳ ಗಾಢ. ಮರದಡಿ ಹೆಚ್ಚು ಹೊತ್ತು ನಿಲ್ಲಬೇಡಿ. ಕಾಯಿ ಫಿರಂಗಿ ಗುಂಡಿನ ಗಾತ್ರದ್ದು, ಒಡೆದರೆ ನಾರುತ್ತದೆ, ತಲೆಗೆ ಬಿದ್ದರೆ ಕೇಳುವುದೇ ಬೇಡ.

ಐದೂವರೆಯಾದ ಮೇಲೆ ಮಳೆಮರದ ಎಲೆ ನೋಡಿ. ಬೆಳಕು ಕಡಿಮೆಯಾದಂತೆ ಎದುರು ಬದುರು ಕಿರುಎಲೆಗಳು ಮಡಿಚಿಕೊಳ್ಳುತ್ತವೆ, ಹುಣಸೆಯೂ ಹಾಗೆಯೇ. ‘ಮರ ಮಲಗ್ತಿದೆ, ನಾವೂ ಹೊರಡೋಣ’ ಎಂದರೆ ಹಠ ಮಾಡುವ ಮಗು ಕೂಡ ಕೆಲವೊಮ್ಮೆ ಒಪ್ಪಿಬಿಡುತ್ತದೆ.

ಹೆಕ್ಕಿದ ಕಾಯಿಯನ್ನೋ ಬೀಜವನ್ನೋ ಬಾಯಿಗೆ ಹಾಕಿಕೊಂಡರೆ?

ಉದ್ಯಾನಗಳಲ್ಲಿ, ರಸ್ತೆ ಬದಿಯಲ್ಲಿ ಸಾಮಾನ್ಯವಾಗಿ ಸಿಗುವ ವಿಷದ ಗಿಡಗಳು ಇವು: ಕಣಗಿಲೆ, ಹಳದಿ ಕಣಗಿಲೆ, ದತ್ತೂರಿ, ಹರಳು, ಕಾಡುಹರಳು, ಗುಲಗಂಜಿ. ಹಳದಿ ಕಣಗಿಲೆಯ ಬೀಜ ಹೃದಯದ ಬಡಿತವನ್ನೇ ಕೆಡಿಸುತ್ತದೆ. ಗುಲಗಂಜಿ ಕೆಂಪು–ಕಪ್ಪು ಬಣ್ಣದಿಂದ ಮಕ್ಕಳನ್ನು ಸೆಳೆಯುತ್ತದೆ, ಬೀಜವನ್ನು ಅಗಿದಿದ್ದರೆ ಅಪಾಯ ಹೆಚ್ಚು.

ಬಾಯಲ್ಲಿ ಉಳಿದಿರುವುದನ್ನು ಬೆರಳಿನಿಂದ ತೆಗೆದು ಬಾಯಿ ತೊಳೆಸಿ. ವಾಂತಿ ಮಾಡಿಸಲು ಹೋಗಬೇಡಿ, ಉಪ್ಪುನೀರು ಕುಡಿಸಬೇಡಿ. ಉಪ್ಪು ಸಣ್ಣ ಮಕ್ಕಳಿಗೆ ಬೇರೆಯೇ ವಿಷವಾಗುತ್ತದೆ, ವಾಂತಿ ಶ್ವಾಸಕೋಶಕ್ಕೆ ಇಳಿಯಬಹುದು. ತಿಂದ ಗಿಡದ ಎಲೆ, ಕಾಯಿ ಒಂದೊಂದು ಚೀಲಕ್ಕೆ ಹಾಕಿಕೊಂಡು ಆಸ್ಪತ್ರೆಗೆ ಹೊರಡಿ. ಮಗು ಚೆನ್ನಾಗಿಯೇ ಇದೆ ಎಂದು ಕಾಯಬೇಡಿ, ಕೆಲವು ವಿಷಗಳ ಲಕ್ಷಣ ಗಂಟೆಗಟ್ಟಲೆ ತಡವಾಗಿ ಕಾಣುತ್ತದೆ. ಸರ್ಕಾರಿ ಮಕ್ಕಳ ಆಸ್ಪತ್ರೆಯಾದ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಅಲ್ಲಿಂದ ದೂರವಿಲ್ಲ, ನಿಮ್ಹಾನ್ಸ್ ಹತ್ತಿರ ಇದೆ. ಆಂಬುಲೆನ್ಸಿಗೆ 108.

ಹೆಜ್ಜೇನಿನ ಭಯ ನಿಜವೇ?

ನಿಜ. ಎತ್ತರದ ಮರಗಳ ಕೊಂಬೆಯಡಿ ತೆರೆದ ಗೂಡು ಕಟ್ಟುವ ಹೆಜ್ಜೇನು ತನ್ನ ಪಾಡಿಗೆ ಬಿಟ್ಟರೆ ಏನೂ ಮಾಡುವುದಿಲ್ಲ. ಕೆಣಕುವುದು ಕಲ್ಲು, ಹೊಗೆ, ಗೂಡಿಗೆ ತಗುಲಿದ ಗಾಳಿಪಟದ ದಾರ, ಕೆಲವೊಮ್ಮೆ ಹದ್ದು. ಕಾಯಿ ಬೀಳಿಸಲು ಯಾರೋ ಕಲ್ಲು ಎಸೆಯುತ್ತಿದ್ದರೆ ಆ ಮರದಿಂದ ದೂರ ಸರಿಯಿರಿ, ಬುದ್ಧಿ ಆಮೇಲೆ ಹೇಳಬಹುದು.

ಹುಳು ಎದ್ದರೆ ಮಗುವಿನ ಮುಖ, ತಲೆಯನ್ನು ದುಪಟ್ಟ ಅಥವಾ ಶರ್ಟಿನಿಂದ ಮುಚ್ಚಿ ಎತ್ತಿಕೊಂಡು ಓಡಿ. ನಿಂತು ಬಡಿಯಬೇಡಿ, ಸತ್ತ ಹುಳುವಿನಿಂದ ಹೊಮ್ಮುವ ವಾಸನೆ ಉಳಿದವನ್ನು ಕರೆಯುತ್ತದೆ. ಮರದ ಮರೆ ಸಾಲದು. ಬಾಗಿಲು ಹಾಕುವ ಕೋಣೆಯೋ ಕಾರೋ ಸಿಗುವ ತನಕ ನಿಲ್ಲಬೇಡಿ. ಕೆರೆಗೆ ಇಳಿಯುವುದಂತೂ ಬೇಡವೇ ಬೇಡ, ತಲೆ ಎತ್ತಿದಾಗ ಮತ್ತೆ ಮುತ್ತುತ್ತವೆ.

ಕುಟುಕಿದ ಮೇಲೆ ಮುಳ್ಳು ಚರ್ಮದಲ್ಲೇ ಉಳಿದು ವಿಷ ಇಳಿಸುತ್ತಲೇ ಇರುತ್ತದೆ. ಉಗುರಿನಲ್ಲಿ ಕೆರೆದೋ ಕಿತ್ತೋ ತೆಗೆಯಿರಿ, ಹೇಗೆ ತೆಗೆದಿರಿ ಎನ್ನುವುದಕ್ಕಿಂತ ಎಷ್ಟು ಬೇಗ ತೆಗೆದಿರಿ ಎನ್ನುವುದು ಮುಖ್ಯ. ತೊಳೆದು ತಣ್ಣೀರಿನ ಬಟ್ಟೆ ಇಡಿ. ಸುಣ್ಣ, ಸೀಮೆಎಣ್ಣೆ ಬೇಡ. ತುಟಿ, ಕಣ್ಣು ಊದಿಕೊಂಡರೆ, ಮೈ ತುಂಬ ದದ್ದು ಎದ್ದರೆ, ಉಸಿರಿಗೆ ಕಷ್ಟವಾದರೆ, ವಾಂತಿ ಬಂದರೆ ತಕ್ಷಣ 108. ಸಣ್ಣ ಮಗುವಿಗೆ ಹಲವು ಕಡೆ ಕುಟುಕಿದ್ದರೆ ಇದ್ಯಾವುದೂ ಕಾಣದಿದ್ದರೂ ವೈದ್ಯರಿಗೆ ತೋರಿಸಿ.

ಇರುವೆ, ಕಂಬಳಿಹುಳ?

ಚಾಪೆ ಹಾಸುವ ಮೊದಲು ತಲೆ ಎತ್ತಿ ನೋಡಿ. ಎಲೆಗಳನ್ನು ಹೊಲಿದು ಮಾಡಿದ ಉಂಡೆ ಕಂಡರೆ ಅದು ಕೆಂಪಿರುವೆಯ ಗೂಡು, ಮಾವಿನ ಮರದಲ್ಲಿ ಹೆಚ್ಚು. ಕಂಬಳಿಹುಳ ತಗುಲಿದರೆ ಉಜ್ಜಬೇಡಿ, ಉಜ್ಜಿದಷ್ಟೂ ರೋಮ ಚರ್ಮಕ್ಕೆ ಇಳಿಯುತ್ತದೆ. ಸೆಲೋ ಟೇಪ್ ಅಂಟಿಸಿ ಎಳೆಯಿರಿ, ನಾಲ್ಕೈದು ಸಲ, ಪ್ರತಿ ಸಲ ಹೊಸ ತುಂಡು. ಆಮೇಲೆ ಸೋಪು ನೀರು. ಬಟ್ಟೆಯನ್ನೂ ಬದಲಿಸಿ, ರೋಮ ಅದರಲ್ಲೂ ಇರುತ್ತದೆ.

ಕೆರೆಯ ಹತ್ತಿರ ಮಗುವನ್ನು ಬಿಡಬಹುದೇ?

ಕೈ ಹಿಡಿದೇ ಇರಬೇಕು. ದಡದ ಹತ್ತಿರ ಕಳೆ ಹಬ್ಬಿದಾಗ ನೀರು ಹುಲ್ಲುಹಾಸಿನ ಹಾಗೇ ಕಾಣುತ್ತದೆ, ಮಗುವಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಸಂಜೆ ನೀರುಕಾಗೆಗಳು ರೆಕ್ಕೆ ಬಿಡಿಸಿ ಒಣಗಿಸಿಕೊಳ್ಳುತ್ತಾ ಕೂತಿರುತ್ತವೆ. ಹೆಜ್ಜಾರ್ಲೆ, ನೇರಳೆ ಜಂಬುಕೋಳಿಗಳೂ ಕಾಣಸಿಗುತ್ತವೆ. ಮೀನಿಗೆ, ಹಕ್ಕಿಗೆ ಬ್ರೆಡ್ಡು, ಪುರಿ ಹಾಕಿಸಬೇಡಿ. ತಿನ್ನದೆ ಉಳಿದದ್ದು ಕೊಳೆತು ನೀರಿನ ಆಮ್ಲಜನಕ ಕಡಿಮೆಯಾಗುತ್ತದೆ, ಆಮೇಲೆ ಸಾಯುವುದು ಅದೇ ಮೀನು.

ಬುತ್ತಿ ಕಟ್ಟಿಕೊಂಡು ಹೋಗಬಹುದೇ?

ಚಿತ್ರಾನ್ನ, ಮೊಸರನ್ನ ಹರಡಿಕೊಂಡು ಕೂರುವ ವನಭೋಜನಕ್ಕೆ ಇದು ಜಾಗವಲ್ಲ. ಪ್ಲಾಸ್ಟಿಕ್ಕಿಗೂ ನಿರ್ಬಂಧವಿದೆ, ಗೇಟಿನಲ್ಲಿ ಚೀಲ ನೋಡುತ್ತಾರೆ. ಊಟ ಮನೆಯಲ್ಲಿ ಮುಗಿಸಿ ಬನ್ನಿ. ಮಗುವಿಗೆ ಬೇಕಾಗುವ ಒಂದು ಬಾಳೆಹಣ್ಣು, ನಾಲ್ಕು ಬಿಸ್ಕತ್ತು ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಇರಲಿ. ಬಯಲಿನಲ್ಲಿ ಮಗುವಿನ ಕೈಯಲ್ಲಿ ತಿಂಡಿ ಹಿಡಿಸಿ ನಿಲ್ಲಿಸಬೇಡಿ, ಹದ್ದು ಎರಗಿ ಕಿತ್ತುಕೊಂಡು ಹೋಗುತ್ತದೆ, ಉಗುರು ತಾಗಿದರೆ ಗಾಯ. ಮರದಡಿ ಕೂರಿಸಿ ತಿನ್ನಿಸಿ.

ಒಳಗೆ ಹಾಪ್‌ಕಾಮ್ಸ್ ಮಳಿಗೆಯಲ್ಲಿ ಹಣ್ಣು, ಜ್ಯೂಸು ಸಿಗುತ್ತದೆ. ಗೇಟಿನ ಹೊರಗಿನ ಉಪ್ಪುಖಾರದ ಮಾವಿನಕಾಯಿ ದೊಡ್ಡವರಿಗೆ ಸರಿ. ಹೆಚ್ಚಿ ತೆರೆದಿಟ್ಟ ಕಲ್ಲಂಗಡಿ, ಪರಂಗಿ ಮಕ್ಕಳಿಗೆ ಬೇಡ. ನಿಮ್ಮೆದುರೇ ಹೆಚ್ಚಿಕೊಟ್ಟರೆ, ಹುರಿದ ಕಡಲೆಕಾಯಿ ಬಿಸಿಯಾಗಿದ್ದರೆ ತೊಂದರೆಯಿಲ್ಲ. ಆದರೆ ನಾಲ್ಕು ವರ್ಷದೊಳಗಿನವರಿಗೆ ಕಡಲೆಕಾಯಿ ಕೊಡಲೇಬೇಡಿ, ಉಸಿರುನಾಳಕ್ಕೆ ಹೋಗುತ್ತದೆ.

ಹೊರಟ ಮೇಲೆ ತಿಂಡಿ ತಿನ್ನುವ ಯೋಚನೆಯಿದ್ದರೆ ಲಾಲ್‌ಬಾಗ್ ರಸ್ತೆಯಲ್ಲೇ ಎಂಟಿಆರ್ ಇದೆ, ಸಜ್ಜನ್ ರಾವ್ ವೃತ್ತದ ಬಳಿ ವಿ.ವಿ. ಪುರದ ತಿಂಡಿ ಬೀದಿ. ಭಾನುವಾರ ಎರಡರಲ್ಲೂ ಕಾಯಬೇಕು. ಹಸಿದ ಮಗುವಿನ ಜೊತೆ ಸರತಿಯಲ್ಲಿ ನಿಲ್ಲುವುದಕ್ಕಿಂತ ಮನೆಯ ಉಪ್ಪಿಟ್ಟು ಮೇಲು.

ಚೀಲದಲ್ಲಿ ಏನೇನು ಇರಬೇಕು?

ನೀರು ಮಗುವಿಗೆ ಅರ್ಧ ಲೀಟರ್, ದೊಡ್ಡವರಿಗೆ ತಲಾ ಮುಕ್ಕಾಲು ಲೀಟರ್, ಸ್ಟೀಲ್ ಬಾಟಲಿಯಲ್ಲಿ. ಅಂಚಿರುವ ಟೋಪಿ. ಒಂದು ಜೊತೆ ಬಟ್ಟೆ, ಚಡ್ಡಿ ಎರಡು. ಹಳೆಯ ಬೆಡ್‌ಶೀಟ್, ಒದ್ದೆ ಬಟ್ಟೆ, ಸೋಪಿನ ತುಂಡು, ಸೆಲೋ ಟೇಪ್, ಬ್ಯಾಂಡೇಜ್. ಸೊಳ್ಳೆ ಮುಲಾಮು ಐದು ಗಂಟೆಗೆ ಕೈಕಾಲಿಗೆ ಹಚ್ಚಿ. ಮಗುವಿನ ಅಂಗೈಗೆ ಬೇಡ, ಅದು ನೇರ ಕಣ್ಣಿಗೋ ಬಾಯಿಗೋ ಹೋಗುತ್ತದೆ. ಬಳಸಿದ ಡೈಪರ್ ಹಾಕಲು ಒಂದು ಕವರ್, ವಾಪಸ್ ಮನೆಗೇ ತನ್ನಿ. ಚೆಂಡು, ಬ್ಯಾಟು, ಸೈಕಲ್ಲು ಮನೆಯಲ್ಲೇ ಇರಲಿ. ಚಿಲ್ಲರೆ ಜೇಬಿನಲ್ಲಿರಲಿ.

ಶೌಚಾಲಯ?

ಇದೆ, ಆದರೆ ಬೇಕಾದಾಗ ಬೇಕಾದ ಕಡೆ ಇರುವುದಿಲ್ಲ. ಒಳಗೆ ಬಂದ ಕೂಡಲೇ ಒಮ್ಮೆ, ಹೊರಡುವ ಮೊದಲು ಒಮ್ಮೆ, ಬೇಕೋ ಬೇಡವೋ ಕರೆದುಕೊಂಡು ಹೋಗಿ.

ತಳ್ಳುಗಾಡಿ ತರಬಹುದೇ? ಅಜ್ಜಿಗೆ ಮೊಣಕಾಲು ನೋವು, ಅವರೂ ಬರುತ್ತಾರೆ.

ಮುಖ್ಯ ದಾರಿಗಳಲ್ಲಿ ತಳ್ಳುಗಾಡಿ ಚೆನ್ನಾಗಿಯೇ ಹೋಗುತ್ತದೆ. ಬಂಡೆಗೆ ಹೋಗುವುದಿಲ್ಲ, ಬೇರುಗಳೆದ್ದ ಒಳದಾರಿಗಳಲ್ಲಿ ಸಣ್ಣ ಚಕ್ರ ಸಿಕ್ಕಿಕೊಳ್ಳುತ್ತದೆ. ಎರಡು ವರ್ಷದೊಳಗಿನ ಮಗುವಾದರೆ ಬಟ್ಟೆಯಲ್ಲಿ ಕಟ್ಟಿಕೊಳ್ಳುವುದು ಹೆಚ್ಚು ಸಲೀಸು.

ಅಜ್ಜಿ, ತಾತನಿಗೆ ಬ್ಯಾಟರಿ ಬಗ್ಗಿ ಇದೆ, ಟಿಕೆಟ್ ಬೇರೆ. ಬಂದ ತಕ್ಷಣ ಹತ್ತಿಸಿ ಸುತ್ತು ಹೊಡೆಸಬೇಡಿ. ಬಗ್ಗಿಯಿಂದ ಎಲ್ಲವನ್ನೂ ಮೇಲೆ ಮೇಲೆ ನೋಡಿದ ಮಗುವಿಗೆ ಇಳಿದ ಮೇಲೆ ನಡೆಯುವ ಉತ್ಸಾಹವೇ ಇರುವುದಿಲ್ಲ. ಅಜ್ಜಿಯನ್ನು ಗಾಜಿನ ಮನೆಯ ಬಳಿ ಬೆಂಚಿನಲ್ಲಿ ಕೂರಿಸಿ, ಅದನ್ನೇ ನಿಮ್ಮ ಠಾಣೆ ಮಾಡಿಕೊಳ್ಳಿ: ಚೀಲ ಅಲ್ಲಿ, ನೀರು ಅಲ್ಲಿ, ದಣಿದ ಮಗು ಅಲ್ಲಿ.

ಮಳೆ ಬಂದರೆ?

ಏಪ್ರಿಲ್–ಮೇನಲ್ಲಿ ಮಧ್ಯಾಹ್ನ ಸೆಕೆ ಹೆಚ್ಚಿ, ಮೂರರ ಹೊತ್ತಿಗೆ ಮೋಡ ಕಟ್ಟಿ, ಸಂಜೆ ಗಾಳಿ ಸಮೇತ ಸುರಿಯುವುದು ಬೆಂಗಳೂರಿನ ಚಾಳಿ. ಆ ಗಾಳಿಗೆ ಹಳೆಯ ಮರಗಳ ಕೊಂಬೆ ಮುರಿಯುತ್ತದೆ. ಮಳೆಗಿಂತ ಭಯಪಡಬೇಕಾದ್ದು ಅದಕ್ಕೆ. ಗಾಳಿ ತಣ್ಣಗಾಗಿ ಒಣ ಎಲೆ ಸುಳಿಯಲು ಶುರುವಾದರೆ ಇನ್ನು ಹತ್ತು ನಿಮಿಷ ಎಂದು ಲೆಕ್ಕ, ಗೇಟಿನ ಕಡೆ ಹೊರಡಿ. ದೊಡ್ಡ ಮರದಡಿ ನಿಲ್ಲಬೇಡಿ, ಕಟ್ಟಡದೊಳಗೆ ಹೋಗಿ. ಸೆಪ್ಟೆಂಬರ್–ಅಕ್ಟೋಬರಿನ ಮಳೆ ಹೊತ್ತು ಹಿಡಿದು ಸುರಿಯುತ್ತದೆ, ಬಿಡುತ್ತದೆ ಎಂದು ಕಾದು ಪ್ರಯೋಜನವಿಲ್ಲ.

ಮಗು ಕೈತಪ್ಪಿದರೆ?

ಮುಂಚೆ ಮಾಡಬೇಕಾದ್ದು ಮೂರು. ಗೇಟಿನಲ್ಲೇ ಅಂದಿನ ಬಟ್ಟೆಯಲ್ಲಿ ಒಂದು ಪೂರ್ಣ ಫೋಟೋ ತೆಗೆದುಕೊಳ್ಳಿ. ಗಾಬರಿಯಲ್ಲಿ ಅಂಗಿಯ ಬಣ್ಣ ಯಾರಿಗೂ ನೆನಪಾಗುವುದಿಲ್ಲ. ಮೊಬೈಲ್ ನಂಬರನ್ನು ಮಗುವಿನ ತೋಳಿನ ಒಳಭಾಗದಲ್ಲಿ ಪೆನ್ನಿನಿಂದ ಬರೆಯಿರಿ. ‘ಅಮ್ಮ ಕಾಣದಿದ್ದರೆ ನಿಂತಲ್ಲೇ ನಿಲ್ಲು, ಖಾಕಿ ಹಾಕಿದವರಿಗೆ ಅಥವಾ ಮಗು ಎತ್ತಿಕೊಂಡಿರುವ ಅಮ್ಮನಿಗೆ ಹೇಳು’ ಎಂದು ಕಲಿಸಿ. ಅಪ್ಪ ಅಮ್ಮನ ಹೆಸರು ಹೇಳಲು ಬರುತ್ತದೆಯೇ ಎಂದು ಮನೆಯಲ್ಲೇ ನೋಡಿಕೊಳ್ಳಿ, ‘ಅಮ್ಮನ ಹೆಸರೇನು?’ ಎಂದರೆ ‘ಅಮ್ಮ’ ಎನ್ನುವವರೇ ಹೆಚ್ಚು.

ಕೈತಪ್ಪಿದರೆ ಒಬ್ಬರು ಕೊನೆಗೆ ಕಂಡ ಜಾಗ ಬಿಟ್ಟು ಕದಲಬಾರದು. ಇನ್ನೊಬ್ಬರು ಮೊದಲು ನೀರಿನ ಕಡೆ ಹೋಗಬೇಕು, ಆಮೇಲೆ ಗೇಟಿನ ಕಡೆ. ಕಾವಲುಗಾರರಿಗೆ ಫೋಟೋ ತೋರಿಸಿ, ಅವರು ಉಳಿದ ಗೇಟುಗಳಿಗೆ ತಿಳಿಸುತ್ತಾರೆ. ಹತ್ತು ನಿಮಿಷದಲ್ಲಿ ಸಿಗದಿದ್ದರೆ 112ಕ್ಕೆ ಕರೆ ಮಾಡಿ, ಮಕ್ಕಳ ಸಹಾಯವಾಣಿ 1098. ಸಿಕ್ಕ ಮೇಲೆ ಹೊಡೆಯಬೇಡಿ. ಹೊಡೆತ ತಿಂದ ಮಗು ಮುಂದಿನ ಸಲ ಹುಡುಕುವವರಿಂದಲೇ ಅಡಗಿಕೊಳ್ಳುತ್ತದೆ.

ಫ್ಲವರ್ ಶೋಗೆ ಮಗುವನ್ನು ಕರೆತರಬಹುದೇ?

ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯ ದಿನದ ಸುತ್ತ, ಜನವರಿ ಮತ್ತು ಆಗಸ್ಟಿನಲ್ಲಿ ಪ್ರದರ್ಶನ. ಮಧ್ಯಾಹ್ನ, ಅದರಲ್ಲೂ ರಜೆಯ ದಿನ, ಐದು ವರ್ಷದೊಳಗಿನ ಮಗುವಿಗೆ ಕಾಣುವುದು ಜನರ ಸೊಂಟ ಮಾತ್ರ. ಹೋಗಲೇಬೇಕಾದರೆ ಕೆಲಸದ ದಿನ, ಬೆಳಿಗ್ಗೆ ಬೇಗ, ಮೆಟ್ರೋದಲ್ಲಿ. ಗಾಜಿನ ಮನೆಯೊಳಗೆ ಮಗುವನ್ನು ಹೆಗಲ ಮೇಲೆ ಕೂರಿಸಿಕೊಳ್ಳಿ, ಚಪ್ಪಲಿ ಬಿಚ್ಚಿ ಚೀಲಕ್ಕೆ ಹಾಕಿ.

ಜಾರುಬಂಡೆ, ಉಯ್ಯಾಲೆ, ರೈಲು ಬೇಕು ಎನ್ನುತ್ತಾನೆ.

ಹಾಗಾದರೆ ಕಬ್ಬನ್ ಪಾರ್ಕಿನ ಬಾಲಭವನಕ್ಕೆ ಹೋಗಿ, ಪುಟಾಣಿ ರೈಲು ಅಲ್ಲಿದೆ. ಲಾಲ್‌ಬಾಗ್ ಸಸ್ಯೋದ್ಯಾನ, ಇಲ್ಲಿ ಮರಗಳೇ ಪ್ರದರ್ಶನದ ವಸ್ತು. ಹೈದರಾಲಿ 1760ರಲ್ಲಿ ಶುರು ಮಾಡಿದ ದಿನದಿಂದ ಬೇರೆ ಬೇರೆ ಊರಿನ ಗಿಡ ತಂದು ನೆಡುವುದೇ ಇಲ್ಲಿನ ಕೆಲಸ. ಎರಡನ್ನೂ ಒಂದೇ ಮಧ್ಯಾಹ್ನಕ್ಕೆ ಸೇರಿಸಬೇಡಿ.

ವಾಪಸ್ ಹೊರಡಲು ಮಗು ಒಪ್ಪುವುದಿಲ್ಲ, ಆಟೋನೂ ಸಿಗುವುದಿಲ್ಲ.

‘ಹೊರಡೋಣ’ ಎಂದು ಒಮ್ಮೆಲೇ ಹೇಳಬೇಡಿ. ಮಗು ಇನ್ನೂ ನಗುತ್ತಿರುವಾಗಲೇ, ಕತ್ತಲಾಗುವ ಅರ್ಧ ಗಂಟೆ ಮೊದಲು, ‘ಇನ್ನೊಂದು ಮರ ನೋಡಿ ಹೊರಡೋಣ, ಯಾವ ಮರ ನೀನೇ ಹೇಳು’ ಎನ್ನಿ. ಗೇಟಿನ ಕಡೆಗಿರುವ ಮರಗಳನ್ನೇ ತೋರಿಸಿ ಕೇಳುವ ಜಾಣತನ ನಿಮಗೆ ಬಿಟ್ಟದ್ದು.

ಆಟೋ ಗೇಟಿನ ಬಾಯಲ್ಲಿ ಕೇಳಿದರೆ ದುಬಾರಿ. ನೂರು ಹೆಜ್ಜೆ ಮುಂದೆ ನಡೆದು ಹಿಡಿಯಿರಿ, ಇಲ್ಲವೇ ಗೇಟಿಗೆ ಐದು ನಿಮಿಷ ಇರುವಾಗಲೇ ಆ್ಯಪಿನಲ್ಲಿ ಬುಕ್ ಮಾಡಿ. ಯಾವ ಗೇಟು ಎಂದು ಚಾಲಕರಿಗೆ ಫೋನಿನಲ್ಲಿ ಸ್ಪಷ್ಟವಾಗಿ ಹೇಳಿ. ಬರೀ ‘ಲಾಲ್‌ಬಾಗ್ ಗೇಟ್’ ಎಂದರೆ ಅವರು ಇನ್ನೊಂದು ಗೇಟಿನಲ್ಲಿ ನಿಂತಿರುತ್ತಾರೆ.